ಕಾರ್ಖಾನೆಯ ಅಂಗಳದಲ್ಲಿ ಎರಡಡಿ ಹಳಿಯ ಉಗಿ ಎಂಜಿನ್ನು: ಮೊದಲು ಯಾವ ಕೆಲಸಕ್ಕೆ ಕೈಹಾಕಬೇಕು?

ಪ್ರಶ್ನೆ: ಊರ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ.

ನಮ್ಮೂರಿನ ಹೊರಗೆ, ಬಾಗಿಲು ಹಾಕಿ ಎಷ್ಟೋ ವರ್ಷಗಳಾದ ಕಾರ್ಖಾನೆಯೊಂದರ ಹಿತ್ತಿಲಲ್ಲಿ, ಜಾಲಿಮುಳ್ಳಿನ ನಡುವೆ ಆರು ಚಕ್ರದ ಸಣ್ಣ ಉಗಿ ಎಂಜಿನ್ನೊಂದು ನಿಂತಿದೆ. ಟೇಪು ಹಿಡಿದು ಅಳೆದು ನೋಡಿದೆವು; ಎರಡಡಿ ಅಗಲದ ಹಳಿಗೆಂದು ಮಾಡಿದ್ದು. ಬಾಯ್ಲರಿನ ಎರಡು ಪಕ್ಕಕ್ಕೂ ನೀರಿನ ತೊಟ್ಟಿಗಳಿವೆ, ಚಾಲಕ ನಿಲ್ಲುವ ಗೂಡಿನ ಹಿಂಬದಿಯಲ್ಲಿ ಕಲ್ಲಿದ್ದಲು ತುಂಬುವ ಪೆಟ್ಟಿಗೆಯಿದೆ, ಕಲ್ಲಿದ್ದಲು, ನೀರು ಹೊತ್ತು ಹಿಂದೆ ಬರುವ ಪ್ರತ್ಯೇಕ ಬಂಡಿ (ಟೆಂಡರ್) ಇಲ್ಲ. ತಯಾರಕರ ಹಿತ್ತಾಳೆ ಫಲಕವಿದ್ದ ಕಡೆ ನಾಲ್ಕು ಬೋಲ್ಟಿನ ತೂತುಗಳಷ್ಟೇ ಉಳಿದಿವೆ. ಪ್ರೆಷರ್ ಗೇಜು, ಸೀಟಿ, ನೀರಿನ ಮಟ್ಟ ತೋರಿಸುವ ಗಾಜುಕೊಳವೆಯ ಹಿತ್ತಾಳೆ ಭಾಗಗಳು ಒಂದೂ ಇಲ್ಲ. ಚಕ್ರ, ರಾಡು, ಸಿಲಿಂಡರುಗಳು ಮಾತ್ರ ಭಾರದ ದೆಸೆಯಿಂದಲೋ ಏನೋ ಇದ್ದಲ್ಲೇ ಇವೆ.

ಜಾಗ ಮಾರಾಟಕ್ಕೆ ಬಂದಿದೆ. ಗುಜರಿಯವರು ಹೇಳಿದ ಬೆಲೆಯನ್ನೇ ನಾವು ಕೊಡುವುದಾದರೆ ಎಂಜಿನ್ನನ್ನು ನಮಗೆ ಬಿಟ್ಟುಕೊಡಲು ಮಾಲೀಕರ ಮನೆಯವರು ಒಪ್ಪಿದ್ದಾರೆ. ಮೂರು ತಿಂಗಳ ಗಡುವನ್ನೂ ಕೊಟ್ಟಿದ್ದಾರೆ. ನಾವಿರುವುದು ಹನ್ನೊಂದು ಜನ. ನಾನು ನಿವೃತ್ತ ವಿಜ್ಞಾನ ಶಿಕ್ಷಕ. ಉಳಿದವರಲ್ಲಿ ಇಬ್ಬರು ವೆಲ್ಡಿಂಗ್ ಕೆಲಸದವರು, ಒಬ್ಬರಿಗೆ ಸ್ವಂತ ಲೇತ್ ಇದೆ, ಮಿಕ್ಕವರು ಪಾಲಿಟೆಕ್ನಿಕ್ ಓದುತ್ತಿರುವ ಹುಡುಗರು. ಹಣ ಹೇಗೋ ಹೊಂದೀತು, ಆದರೆ ನಮ್ಮೊಳಗೇ ಎರಡು ಪಕ್ಷಗಳಾಗಿವೆ. ರಾಜ್ಯೋತ್ಸವದ ಹೊತ್ತಿಗೆ ಬಣ್ಣ ಬಳಿದು, ಬಸ್ ನಿಲ್ದಾಣದ ಎದುರು ಕಟ್ಟೆ ಕಟ್ಟಿ ನಿಲ್ಲಿಸಿಬಿಡೋಣ ಎನ್ನುವುದು ಒಂದು ಪಕ್ಷ. ಎಷ್ಟು ವರ್ಷ ಹಿಡಿದರೂ ಸರಿ, ಮತ್ತೆ ಬೆಂಕಿ ಹಾಕಿ ಹಬೆ ಏರಿಸಿಯೇ ತೀರಬೇಕು ಎನ್ನುವುದು ಇನ್ನೊಂದು.

ನನ್ನ ತಂದೆ ಓದಿಗಾಗಿ ಚಿಂತಾಮಣಿಯಿಂದ ಕೋಲಾರಕ್ಕೆ ಯಲಹಂಕ–ಬಂಗಾರಪೇಟೆ ಸಣ್ಣ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಎರಡೂವರೆ ಅಡಿಯ ಆ ದಾರಿಯ ಕೊನೆಯ ಭಾಗವಾದ ಚಿಕ್ಕಬಳ್ಳಾಪುರ–ಕೋಲಾರ 2013ರಲ್ಲಿ ಬ್ರಾಡ್‌ಗೇಜ್ ಆಯಿತು. ಮೊಮ್ಮಕ್ಕಳಿಗೆ ತೋರಿಸಲು ಅಂಥದ್ದೊಂದು ಎಂಜಿನ್ನಾದರೂ ಉಳಿಯಲಿ ಎಂಬುದು ನನ್ನ ಆಸೆ. ಈ ವಿಷಯದಲ್ಲಿ ಅದಕ್ಕಿಂತ ಹೆಚ್ಚಿನ ಅರ್ಹತೆ ನನಗಿಲ್ಲ. ಈ ಮೂರು ತಿಂಗಳಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಬಾಯ್ಲರ್ ಶಾಪ್

ಮೇಷ್ಟ್ರೇ, ಬಣ್ಣದ ಡಬ್ಬಿ ಸದ್ಯಕ್ಕೆ ಅಂಗಡಿಯಲ್ಲೇ ಇರಲಿ. ರೈಲ್ವೆ ಕಾರ್ಯಾಗಾರದ ಬಾಯ್ಲರ್ ವಿಭಾಗದಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದವನ ಮಾತಿದು: ಹಳೆಯ ಎಂಜಿನ್ನಿನ ಒಳಗೆ ನೀರು ನಿಂತಿರುವಾಗ ಹೊರಗೆ ಬಳಿಯುವ ಬಣ್ಣವು ತುಕ್ಕನ್ನು ಮರೆಮಾಡುತ್ತದೆಯೇ ಹೊರತು ತಡೆಯುವುದಿಲ್ಲ. ಒಮ್ಮೆ ಉದ್ಯಾನವೊಂದರಲ್ಲಿ ನಿಲ್ಲಿಸಿದ್ದ, ಕನ್ನಡಿಯಂತೆ ಹೊಳೆಯುತ್ತಿದ್ದ ಎಂಜಿನ್ನಿನ ಸ್ಮೋಕ್‌ಬಾಕ್ಸಿನ (ಬಾಯ್ಲರಿನ ಮುಂದೆ, ಚಿಮಣಿಯ ಕೆಳಗಿರುವ ಹೊಗೆಗೂಡಿನ) ತಳಕ್ಕೆ ನಾನು ಸುತ್ತಿಗೆಯ ಹಿಡಿಯನ್ನು ಮೆಲ್ಲಗೆ ಒತ್ತಿದೆ. ಹಿಡಿ ಗೆಣ್ಣುದ್ದ ಒಳಗೆ ಹೋಯಿತು. ಅಲ್ಲಿ ತಗಡು ಇರಲೇ ಇಲ್ಲ. ಇದ್ದದ್ದು ಹಲವು ಪದರ ಎನಾಮಲ್ ಮಾತ್ರ.

ಹಾಗಾಗಿ ಮೊದಲ ವಾರದ ಕೆಲಸವೆಂದರೆ ಮಳೆನೀರಿಗೆ ದಾರಿ ಮುಚ್ಚುವುದು, ಒಳಗಿರುವ ನೀರಿಗೆ ದಾರಿ ಬಿಡುವುದು. ಚಿಮಣಿಯ ಬಾಯಿಗೆ ಒಂದು ತಗಡಿನ ಮುಚ್ಚಳ ಕೂರಿಸಿ. ಮುಂದಿನ ದುಂಡು ಬಾಗಿಲು ತೆರೆದರೆ ಹಳೆಯ ಬೂದಿ ಗಟ್ಟಿಯಾಗಿ ಕೂತಿರುವುದು ಕಾಣುತ್ತದೆ. ಕಲ್ಲಿದ್ದಲಿನ ಗಂಧಕವುಳ್ಳ ಆ ಬೂದಿ ನೀರು ಕುಡಿದಾಗ ಆಮ್ಲವಾಗಿ ತಳದ ತಗಡನ್ನು ತಿನ್ನುತ್ತದೆ. ಅದನ್ನೂ, ಬೆಂಕಿ ಉರಿಯುವ ಫೈರ್‌ಬಾಕ್ಸಿನ ಕೆಳಗಿನ ಬೂದಿತಟ್ಟೆಯಲ್ಲಿರುವುದನ್ನೂ ಪೂರ್ತಿ ಕೆರೆದು ತೆಗೆಯಿರಿ. ಆಮೇಲೆ ಬಾಯ್ಲರಿನ ಕೆಳಭಾಗದ ವಾಷ್‌ಔಟ್ ಪ್ಲಗ್ಗುಗಳನ್ನು (ಒಳಗೆ ತೊಳೆಯಲೆಂದು ಇಟ್ಟ ತೂತುಗಳ ಬಿರಡೆಗಳನ್ನು) ಬಿಚ್ಚಬೇಕು. ಅವು ಹಿತ್ತಾಳೆಯವಾದರೆ ಬಹುಶಃ ಈಗಾಗಲೇ ಕಳುವಾಗಿರುತ್ತವೆ, ಆ ಮಟ್ಟಿಗೆ ಕಳ್ಳರು ಉಪಕಾರವನ್ನೇ ಮಾಡಿದ್ದಾರೆ. ಇದ್ದರೆ ನಾಲ್ಕೈದು ದಿನ ಎಣ್ಣೆ ಬಿಡುತ್ತಾ ಬಂದು ಬಿಚ್ಚಿ, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆಯಬೇಡಿ. ಒಳಗಿನ ಕೆಸರು ಹೊರಬಂದ ಮೇಲೆ ಬಾಯ್ಲರನ್ನು ಒಣಗಲು ಬಿಟ್ಟು, ಹಿಂದೆಲ್ಲ ಎಂಜಿನ್ನುಗಳನ್ನು ದೀರ್ಘಕಾಲ ನಿಲ್ಲಿಸುವಾಗ ಮಾಡುತ್ತಿದ್ದಂತೆ, ಸುಟ್ಟ ಸುಣ್ಣದ ಕಲ್ಲನ್ನು ತಟ್ಟೆಗಳಲ್ಲಿ ಹಾಕಿ ಒಳಗಿಟ್ಟು ಮುಚ್ಚಿ. ಸುಣ್ಣ ಒಳಗಿನ ತೇವವನ್ನೆಲ್ಲ ಹೀರಿ ಅರಳಿ ಪುಡಿಯಾಗುತ್ತದೆ, ಪುಡಿಯಾದಾಗ ಬದಲಿಸುತ್ತಿರಿ.

ಇಲ್ಲಿ ಎರಡು ಎಚ್ಚರಿಕೆಗಳಿವೆ, ಹುಡುಗರಿರುವುದರಿಂದ ಒತ್ತಿ ಹೇಳುತ್ತಿದ್ದೇನೆ. ಬಾಯ್ಲರಿನ ಹೊರತಗಡಿನ ಅಡಿಯಲ್ಲಿ ಶಾಖ ಹಿಡಿದಿಡಲು ಸುತ್ತಿದ ಬಿಳಿಯ ಅಥವಾ ಬೂದು ಬಣ್ಣದ ನಾರಿನಂಥ ಪದಾರ್ಥ ಕಂಡರೆ ಅದು ಆಸ್ಬೆಸ್ಟಾಸ್ ಎಂದೇ ಭಾವಿಸಿ, ಮುಟ್ಟದೆ, ತಗಡನ್ನು ಇದ್ದ ಹಾಗೆಯೇ ಬಿಟ್ಟು, ಅದನ್ನು ತೆಗೆಯುವ ಪರಿಣತಿ ಇರುವವರನ್ನು ಕರೆಸಿ. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ. ಗ್ರೈಂಡರ್ ಹಿಡಿದು ಉಜ್ಜಿದರೆ ಅದು ಧೂಳಾಗಿ ಶ್ವಾಸಕೋಶ ಸೇರುತ್ತದೆ.

ಇನ್ನು ಎಂಜಿನ್ನಿನ ಗುರುತು. ಫಲಕ ಹೋಯಿತೆಂದು ಹೆಸರೂ ಹೋಯಿತು ಎಂದುಕೊಳ್ಳಬೇಡಿ. ಚಕ್ರಗಳನ್ನು ಕೂಡಿಸುವ ಸೈಡ್ ರಾಡು, ಸಿಲಿಂಡರಿನಿಂದ ಬರುವ ಕನೆಕ್ಟಿಂಗ್ ರಾಡು, ಸಿಲಿಂಡರಿಗೆ ಹಬೆ ಬಿಡುವ ವಾಲ್ವನ್ನು ಆಡಿಸುವ ವಾಲ್ವ್ ಗೇರಿನ ಕೊಂಡಿಗಳು, ಇವುಗಳ ಮೇಲೆ ತಯಾರಿಸಿದ ಕಾರ್ಖಾನೆಯವರು ಎಂಜಿನ್ನಿನ ಕ್ರಮಾಂಕವನ್ನು ಅಚ್ಚು ಹೊಡೆದಿರುವುದು ವಾಡಿಕೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದರೆ ಅಂಕಿಗಳ ನೆರಳು ಬಿದ್ದು ಓದಲು ಬರುತ್ತದೆ. ತಂತಿಬ್ರಷ್ ಬೇಡವೇ ಬೇಡ. ಬಣ್ಣದ ಚರಿತ್ರೆ ಬೇಕಾದರೆ ತೊಟ್ಟಿಯ ಮೇಲೆ ಅಂಗೈಯಗಲದ ಒಂದು ಜಾಗ ಆರಿಸಿ, ನೀರು ಹಾಕಿಕೊಂಡು ಸಣ್ಣ ಉಪ್ಪುಕಾಗದದಿಂದ ಮಧ್ಯದಲ್ಲಿ ಆಳವಾಗಿ, ಅಂಚಿಗೆ ಬರುತ್ತ ತೆಳುವಾಗಿ ಉಜ್ಜಿ. ಮರ ಕೊಯ್ದಾಗ ಕಾಣುವ ಬಳೆಗಳ ಹಾಗೆ ಒಂದೊಂದು ಕಾಲದ ಬಣ್ಣವೂ ಉಂಗುರವಾಗಿ ಕಾಣಿಸಿಕೊಳ್ಳುತ್ತದೆ. ಫೋಟೋ ತೆಗೆದಿಟ್ಟುಕೊಳ್ಳಿ.

ಒಳಗಿನ ಫೈರ್‌ಬಾಕ್ಸಿಗೆ ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಅದು ತಾಮ್ರದ್ದು, ಆಗ ಇಂದಿನಿಂದಲೇ ರಾತ್ರಿ ಕಾವಲು ಹಾಕಿ.

ಉತ್ತರ 2: ವೇಲ್ಸ್‌ನ ಭಾನುವಾರ

ನಾನು ಚಿಕ್ಕಮಗಳೂರು ಕಡೆಯವನು. ಬರ್ಮಿಂಗ್‌ಹ್ಯಾಮಿನಲ್ಲಿ ಕೆಲಸ, ಬಿಡುವಾದ ಭಾನುವಾರಗಳಲ್ಲಿ ವೇಲ್ಸ್‌ನ ಟಾಲಿಲಿನ್ ರೈಲ್ವೆಯಲ್ಲಿ ಸ್ವಯಂಸೇವಕನಾಗಿ ಎಂಜಿನ್ ಒರೆಸುತ್ತೇನೆ. (ಆ ಹೆಸರಿನ ನಡುವಿನ ವೆಲ್ಷ್ ಅಕ್ಷರ ಎಷ್ಟು ವರ್ಷವಾದರೂ ನನ್ನ ನಾಲಗೆಗೆ ಬಂದಿಲ್ಲ.) ಮೇಷ್ಟ್ರು ಹನ್ನೊಂದೇ ಜನ ಎಂದು ಅಳುಕುತ್ತಿರುವುದರಿಂದ ಇಲ್ಲಿಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕಲ್ಲುಹಲಗೆ ಸಾಗಿಸಲು 1865ರಲ್ಲಿ ಶುರುವಾದ ಈ ರೈಲಿನ ಹಳಿಯ ಅಗಲ ಎರಡಡಿ ಮೂರಂಗುಲ. 1950ರಲ್ಲಿ ಮಾಲೀಕರು ತೀರಿಕೊಂಡಾಗ ಇದು ಮುಚ್ಚಿಹೋಗುವುದರಲ್ಲಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಬರ್ಮಿಂಗ್‌ಹ್ಯಾಮಿನ ಹೋಟೆಲೊಂದರಲ್ಲಿ ಲೇಖಕ ಎಲ್.ಟಿ.ಸಿ. ರೋಲ್ಟ್ ಮತ್ತವರ ಗೆಳೆಯರು ಸಭೆ ಸೇರಿಸಿ ಸಂಘ ಕಟ್ಟಿದರು. 1951ರ ಮೇ ತಿಂಗಳಲ್ಲಿ ರೈಲು ಓಡಿಸಿಯೇಬಿಟ್ಟರು. ಸ್ವಯಂಸೇವಕರು ಸೇರಿ ಉಳಿಸಿಕೊಂಡ ರೈಲ್ವೆಗಳಲ್ಲಿ ಜಗತ್ತಿಗೇ ಇದು ಮೊದಲನೆಯದು. ಆಗ ಓಡುವ ಸ್ಥಿತಿಯಲ್ಲಿದ್ದದ್ದು 1866ರ ಡೊಲ್ಗೊಕ್ ಎಂಬ ಒಂದೇ ಎಂಜಿನ್ನು.

ಮೇಷ್ಟ್ರ ಪ್ರಶ್ನೆಗೆ ಹತ್ತಿರವಾದದ್ದು ಅದರ ನಂತರದ ಭಾಗ. ನೆರೆಯ ಕಣಿವೆಯಲ್ಲಿ ಇದೇ ಅಗಲದ ಕಾರಿಸ್ ರೈಲ್ವೆ ಎಂಬುದೊಂದಿತ್ತು. ಅದು 1948ರಲ್ಲಿ ಮುಚ್ಚಿತು. ಅದರ ಎರಡು ಎಂಜಿನ್ನುಗಳನ್ನು ಕೂಡಲೇ ಗುಜರಿಗೆ ಹಾಕದೆ ಮಖುನ್ಲೆತ್ ನಿಲ್ದಾಣದ ಅಂಗಳದಲ್ಲಿ ಟಾರ್ಪಾಲಿನ ಅಡಿಯಲ್ಲಿ ನಿಲ್ಲಿಸಿದ್ದರು. ಮೂರು ವರ್ಷ ಅವುಗಳಿಗೆ ಯಾರೂ ಬಣ್ಣ ಬಳಿಯಲಿಲ್ಲ, ಯಾರೂ ಮೆರವಣಿಗೆ ಮಾಡಲಿಲ್ಲ. ಟಾರ್ಪಾಲು ಇತ್ತು, ಅಷ್ಟೇ. 1951ರಲ್ಲಿ ಸಂಘದವರು ತಲಾ 25 ಪೌಂಡಿಗೆ ಅವನ್ನು ಕೊಂಡುತಂದರು. 1878ರ ಮೂರನೆಯ ನಂಬರಿನದೂ 1921ರ ನಾಲ್ಕನೆಯ ನಂಬರಿನದೂ ಇಂದಿಗೂ ಇಲ್ಲಿವೆ. ನಾಲ್ಕನೆಯದನ್ನು ಹನ್ಸ್‌ಲೆಟ್ ಎಂಜಿನ್ ಕಂಪನಿಯ ಅಧ್ಯಕ್ಷರು, ತಾವೂ ಸಂಘದ ಸದಸ್ಯರಾಗಿದ್ದರಿಂದ, ತಮ್ಮ ಕಾರ್ಖಾನೆಯಲ್ಲಿ ಹಣ ಪಡೆಯದೆ ದುರಸ್ತಿ ಮಾಡಿಸಿಕೊಟ್ಟರು. ಮೂರನೆಯದು ಮಾತ್ರ ಬಂದ ಹೊಸತರಲ್ಲಿ ಪದೇಪದೇ ಹಳಿ ಬಿಟ್ಟು ಇಳಿಯುತ್ತಿತ್ತು. ಟಾಲಿಲಿನ್ ಹಳಿಯನ್ನು ಹೆಸರಿಗಿಂತ ತುಸು ಅಗಲವಾಗಿಯೇ ಹಾಸಿದ್ದರು; ಕಾರಿಸ್ ಎಂಜಿನ್ನಿನ ಚಕ್ರದಲ್ಲಿ ಹಳಿಯ ಮೇಲೆ ಕೂರುವ ಪಟ್ಟಿಯೋ ಕಿರಿದು. ಚಕ್ರಗಳು ಎರಡು ಹಳಿಗಳ ನಡುವೆ ಕೆಳಕ್ಕೆ ಜಾರಿಬಿಡುತ್ತಿದ್ದವು. ಎರಡಡಿ ಎಂದು ಟೇಪು ಹೇಳಿದರೆ ಸಾಲದು ಮೇಷ್ಟ್ರೇ, ಚಕ್ರದ ಪಟ್ಟಿಯ ಅಗಲ, ಅಂಚಿನ ದಪ್ಪ, ಎರಡು ಚಕ್ರಗಳ ಒಳಮೈಗಳ ನಡುವಿನ ಅಂತರ ಈ ಮೂರನ್ನೂ ಬರೆದಿಟ್ಟುಕೊಳ್ಳಿ. ಮುಂದೆ ಐವತ್ತು ಅಡಿ ಹಳಿ ಹಾಸಿದರೂ ಆ ಅಳತೆ ಬೇಕಾಗುತ್ತದೆ.

ಬಣ್ಣದ ವಿಷಯಕ್ಕೆ ಇನ್ನೊಂದು ಎಂಜಿನ್ನಿನ ಮಾತು. ವಿನಿಫ್ರೆಡ್ ಎಂಬ 1885ರ ಹನ್ಸ್‌ಲೆಟ್ ಎಂಜಿನ್ನು ಉತ್ತರ ವೇಲ್ಸ್‌ನ ಪೆನ್ರಿನ್ ಕಲ್ಲುಗಣಿಯಲ್ಲಿ ದುಡಿದು, 1965ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ಗೆ ಮಾರಾಟವಾಗಿ ಹೋಯಿತು. ಅಲ್ಲಿ ಅದಕ್ಕೆ ಯಾರೂ ಕೈ ಹಚ್ಚಲಿಲ್ಲ. 2012ರಲ್ಲಿ ಮರಳಿ ಬಂದಾಗ ಗಣಿಯ ಕಾಲದ ಬಣ್ಣ ಮೈಮೇಲೆ ಹಾಗೆಯೇ ಇತ್ತು. ಒಪ್ಪವಾಗಿ ದುರಸ್ತಿ ಕಂಡ ಇದರ ಅಕ್ಕತಂಗಿಯರು ಇಲ್ಲಿ ಎಷ್ಟೋ ಇದ್ದರೂ, ಗಣಿಯವರು ಯಾವ ಬಣ್ಣವನ್ನು ಎಲ್ಲಿ ಬಳಿದಿದ್ದರು ಎಂದು ತಿಳಿಯಬೇಕಾದವರು ನೋಡಲು ಹೋದದ್ದು ಈ ಕೊಳಕಿಯನ್ನೇ.

ಉತ್ತರ 3: ಘಾಟಿ ರೈಲು

ಬಾಯ್ಲರ್ ಶಾಪ್ ಸರ್ ಹೇಳಿದ ಎಚ್ಚರಿಕೆಗಳೆಲ್ಲ ಸರಿ. ಆದರೆ ಮಾತು ಬರುಬರುತ್ತಾ ಎಂಜಿನ್ನನ್ನು ಸುಣ್ಣದ ತಟ್ಟೆಯೊಂದಿಗೆ ಮುಚ್ಚಿಡುವಲ್ಲಿಗೇ ನಿಲ್ಲುತ್ತಿದೆಯಲ್ಲ ಎಂಬುದು ನನ್ನ ಆಕ್ಷೇಪ. ಉಗಿ ಎಂಜಿನ್ನು ಬೆಂಕಿ, ನೀರು, ಎಣ್ಣೆ ಸೇರಿದಾಗ ಮಾತ್ರ ಎಂಜಿನ್ನು; ಇಲ್ಲದಿದ್ದರೆ ಅದೊಂದು ದೊಡ್ಡ ಕಬ್ಬಿಣದ ಪೆಟ್ಟಿಗೆ, ಎರಡು ವರ್ಷದಲ್ಲಿ ಅದರ ಮೇಲೆ ಚುನಾವಣೆಯ ಪೋಸ್ಟರು ಬೀಳುತ್ತದೆ.

ನಮ್ಮ ದೇಶದಲ್ಲೇ ಉದಾಹರಣೆಗಳಿವೆ. ಕಾಲ್ಕಾ–ಶಿಮ್ಲಾ ದಾರಿಯ ಕೆಸಿ 520 ಗ್ಲಾಸ್ಗೋದ ನಾರ್ತ್ ಬ್ರಿಟಿಷ್ ಕಂಪನಿಯ ಎಂಜಿನ್ನು, ಶತಮಾನ ದಾಟಿದ್ದು. ದಶಕಗಳ ಕಾಲ ಸುಮ್ಮನೆ ನಿಂತಿದ್ದ ಅದನ್ನು ಅಮೃತಸರದ ಕಾರ್ಯಾಗಾರದವರು 2001ರಲ್ಲಿ ಮತ್ತೆ ಓಡುವಂತೆ ಮಾಡಿದರು. ಡಾರ್ಜಿಲಿಂಗಿನ ಬಿ ವರ್ಗದ ಎಂಜಿನ್ನುಗಳ ಮೊದಲ ತಂಡ 1889ರದು. ಒಟ್ಟು 34 ತಯಾರಾದವು, ಕೆಲವು ಆ ರೈಲಿನದೇ ತಿಂಧಾರಿಯಾ ಕಾರ್ಯಾಗಾರದಲ್ಲೇ. ಅವುಗಳಲ್ಲಿ ಕೆಲವಕ್ಕೆ ಇಂದಿಗೂ ಬೆಂಕಿ ಬೀಳುತ್ತಿದೆ. ಅದೇ ಮೊದಲ ತಂಡದ 19ನೆಯ ನಂಬರಿನದು 1960ರ ದಶಕದಲ್ಲಿ ಅಮೆರಿಕಕ್ಕೆ ಮಾರಾಟವಾಗಿ, ಈ ಶತಮಾನದ ಆರಂಭದಲ್ಲಿ ಇಂಗ್ಲೆಂಡಿಗೆ ಬಂದು, ಅಲ್ಲಿ ಹವ್ಯಾಸಿಯೊಬ್ಬರ ಸ್ವಂತ ಹಳಿಯ ಮೇಲೆ ಓಡಿತು. ಬಾಯ್ಲರ್ ಮಾಡುವ ವಿದ್ಯೆಯೇ ಹೋಯಿತು ಎನ್ನುವವರು ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಯಾಗಾರವನ್ನು ನೆನೆಯಬೇಕು. ನೀಲಗಿರಿ ರೈಲು ಮೀಟರ್‌ಗೇಜ್ ಆದರೂ, ಅದಕ್ಕೆ ಬೇಕಾದ ಹಲ್ಲುಹಳಿಯ ಉಗಿ ಎಂಜಿನ್ನುಗಳನ್ನು 2011ರಿಂದ ಈಚೆಗೆ ಅಲ್ಲಿ ಹೊಸದಾಗಿಯೇ ಕಟ್ಟಿದ್ದಾರೆ.

ಮೇಷ್ಟ್ರ ಬಳಗದಲ್ಲಿ ವೆಲ್ಡರುಗಳಿದ್ದಾರೆ, ಲೇತ್ ಇದೆ, ಓದುವ ಹುಡುಗರಿದ್ದಾರೆ. ಗುರಿ ಹಬೆಯೇ ಆಗಿರಲಿ. ಸುಮ್ಮನೆ ನೋಡುವ ವಸ್ತುವಿಗಾಗಿ ಹುಡುಗರು ಎಷ್ಟು ಭಾನುವಾರ ಬಂದಾರು?

ಉತ್ತರ 4: ಬಾಯ್ಲರ್ ಶಾಪ್

ಘಾಟಿ ರೈಲು ಅವರೇ, ನಿಮ್ಮ ಉತ್ಸಾಹ ನನಗೂ ಬೇಕಾದದ್ದೇ. ಆದರೆ ನೀವು ಹೇಳಿದ ಕೆಸಿ 520ರ ಹಿಂದೆ ರೈಲ್ವೆಯ ಕಾರ್ಯಾಗಾರವಿತ್ತು, ಸಂಬಳದ ಫಿಟ್ಟರುಗಳಿದ್ದರು, ಓಡಿಸಲು ಹಳಿಯಿತ್ತು. ರೈಲ್ವೆಯ ಸ್ವಂತ ಎಂಜಿನ್ನುಗಳ ಬಾಯ್ಲರನ್ನು 1923ರ ಬಾಯ್ಲರ್ ಕಾಯಿದೆಯೇ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು, ಅದರ ಹೊಣೆ ರೈಲ್ವೆಯದೇ. ಊರಿನ ಸಂಘವೊಂದು ಹಬೆ ಏರಿಸಲು ಹೊರಟರೆ ಆ ರಿಯಾಯಿತಿ ಸಿಗದು. ಬಾಯ್ಲರ್ ಇಲಾಖೆಯ ನಿರೀಕ್ಷಕರ ಮುಂದೆ ತಗಡಿನ ದಪ್ಪ, ಫೈರ್‌ಬಾಕ್ಸಿನ ಒಳ–ಹೊರ ತಗಡುಗಳನ್ನು ಬಿಗಿದು ಹಿಡಿಯುವ ಕಂಬಿಗಳಾದ ಸ್ಟೇಗಳ ಸ್ಥಿತಿ, ಬೆಸುಗೆ ಹಾಕಿದವನ ಅರ್ಹತೆ ಎಲ್ಲವನ್ನೂ ರುಜುವಾತು ಮಾಡಬೇಕು. ಗ್ರಿಲ್ಲು ಗೇಟು ಬೆಸೆಯುವ ವೆಲ್ಡಿಂಗು ಬಾಯ್ಲರಿಗೆ ಆಗುವುದಿಲ್ಲ ಎಂದು ಮೇಷ್ಟ್ರ ಇಬ್ಬರು ಗೆಳೆಯರಿಗೆ ನನ್ನ ಪರವಾಗಿ ಬೇಸರಿಸದೆ ಕೇಳಿಕೊಳ್ಳಲು ಹೇಳಿ. ಹೊರಗಿನಿಂದ ಗಟ್ಟಿಯಾಗಿ ಕಾಣುವ ಸ್ಟೇ ಒಳಗೆ ನೀರಿನ ಬದಿಯಲ್ಲಿ ಪೆನ್ಸಿಲಿನಷ್ಟು ಸವೆದಿರಬಹುದು. ಬಾಯ್ಲರ್ ಸಿಡಿದರೆ ಎಂಜಿನ್ನೂ ಉಳಿಯುವುದಿಲ್ಲ, ಪಕ್ಕದಲ್ಲಿದ್ದವರೂ ಉಳಿಯುವುದಿಲ್ಲ.

ಹಬೆ ಏರಿಸುವುದೆಂದರೆ ಎಂಜಿನ್ನನ್ನು ಸವೆಸುವುದು ಎಂಬುದನ್ನೂ ಮರೆಯಬಾರದು. ಟ್ಯೂಬು ಬದಲಾಗುತ್ತದೆ, ಸ್ಮೋಕ್‌ಬಾಕ್ಸು ಬದಲಾಗುತ್ತದೆ, ಕೊನೆಗೆ ಬಾಯ್ಲರೇ ಬದಲಾಗುತ್ತದೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಬಾಯ್ಲರನ್ನು ಪೂರ್ತಿ ಕಳಚಿ ನೋಡುತ್ತಾರೆ. ವೇಲ್ಸ್‌ನವರಿಗೆ ಇದು ಗೊತ್ತು. ಒಂದೇ ರೀತಿಯ ಹತ್ತಾರು ಎಂಜಿನ್ನು ಉಳಿದಿರುವ ಕಡೆ ಅದು ಒಪ್ಪತಕ್ಕದ್ದೇ. ಇಲ್ಲಿಯದು ಯಾವುದೆಂದೇ ನಮಗಿನ್ನೂ ಗೊತ್ತಿಲ್ಲ, ಇದೊಂದೇ ಉಳಿದಿರುವುದೂ ಆಗಿರಬಹುದು.

ಹುಡುಗರನ್ನು ಹಿಡಿದಿಡಲು ನಡುವಿನ ದಾರಿಯೊಂದಿದೆ. ಬಾಯ್ಲರನ್ನು ಮುಟ್ಟದೆ, ಸಿಲಿಂಡರುಗಳನ್ನು ಮಾತ್ರ ಬಿಚ್ಚಿ ಶುಚಿಮಾಡಿ, ಪಿಸ್ಟನ್ ಉಂಗುರ ಹಾಕಿ, ಎಣ್ಣೆ ಕೊಟ್ಟು, ಚಕ್ರಗಳನ್ನು ನೆಲದಿಂದ ಎತ್ತಿ ಕೂರಿಸಿದರೆ ಕಂಪ್ರೆಸರಿನ ಕಡಿಮೆ ಒತ್ತಡದ ಗಾಳಿಯಿಂದಲೇ ಚಕ್ರಗಳನ್ನು ನಿಧಾನವಾಗಿ ತಿರುಗಿಸಬಹುದು. ಹಲವು ಸಂಗ್ರಹಾಲಯಗಳು ಹೀಗೆ ಮಾಡುತ್ತವೆ. ವಾಲ್ವು ಎಲ್ಲಿ ತೆರೆಯುತ್ತದೆ, ಪಿಸ್ಟನ್ ಎಲ್ಲಿಂದ ಹಿಂದಿರುಗುತ್ತದೆ ಎಂಬುದು ಪಾಲಿಟೆಕ್ನಿಕ್ ಪುಸ್ತಕಕ್ಕಿಂತ ಇದರಲ್ಲಿ ಚೆನ್ನಾಗಿ ತಿಳಿಯುತ್ತದೆ.

ಸಾಗಣೆಯ ವಿಷಯ ಬಿಟ್ಟೇಹೋಗಿತ್ತು. ಚಕ್ರ ಉರುಳಿಸಿ ಎಳೆಯಬೇಕಾಗಿ ಬಂದರೆ ಮೊದಲು ಕನೆಕ್ಟಿಂಗ್ ರಾಡುಗಳನ್ನು ಬಿಚ್ಚಿ, ಎಕ್ಸೆಲ್ ಬಾಕ್ಸುಗಳಿಗೆ ಒಂದು ವಾರ ಎಣ್ಣೆ ಕುಡಿಸಿ. ಕ್ರೇನಿನಿಂದ ಎತ್ತುವುದಾದರೆ ಸರಪಳಿಯನ್ನು ಬಫರ್ ತೊಲೆಗಾಗಲಿ ಬಾಯ್ಲರಿಗಾಗಲಿ ಸುತ್ತದೆ ಚೌಕಟ್ಟಿನ ಅಡಿಗೆ ಹಾಕಬೇಕು. ಬಿಚ್ಚಿದ ಪ್ರತಿಯೊಂದು ನಟ್ಟಿಗೂ ಚೀಟಿ ಕಟ್ಟಿ. ಮಾರಾಟದ ಪತ್ರದಲ್ಲಿ ಇಷ್ಟು ಟನ್ ಕಬ್ಬಿಣ ಎಂದಲ್ಲ, ‘ಎಂಜಿನ್ನು ಮತ್ತು ಅದರ ಬಿಡಿಭಾಗಗಳು’ ಎಂದೇ ಬರೆಸಿಕೊಳ್ಳಿ.

ಉತ್ತರ 5: ನಂದಿ ಸ್ಟೇಷನ್

ಒಂದೇ ಮಾತು. ಯಲಹಂಕ–ಚಿಕ್ಕಬಳ್ಳಾಪುರ ದಾರಿಯ ದೊಡ್ಡಜಾಲ, ದೇವನಹಳ್ಳಿ, ಆವತಿ, ನಂದಿ ಹಳೆಯ ನಿಲ್ದಾಣಗಳಿಗೆ, ಪರಂಪರೆಯ ಕಟ್ಟಡಗಳನ್ನು ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನವರು ಕೈಹಚ್ಚಿದಾಗ ಕೆಲಸ ಶುರುವಾದದ್ದು ಸೂರಿನಿಂದಲೇ ಎಂದು ಹತ್ತಿರದ ಊರಿನವನಾದ ನನಗೆ ನೆನಪು. ಬಸ್ ನಿಲ್ದಾಣದ ಕಟ್ಟೆ ಬೇಡ. ನಾಲ್ಕು ಕಂಬದ ಮೇಲೆ ತಗಡಿನ ಚಪ್ಪರವಾದರೂ ಸರಿ, ಮಳೆ ಬೀಳದ ಜಾಗ ಹುಡುಕಿ. ದಾಖಲೆಗಾಗಿ 1979ರಿಂದ ಇರುವ ಮೈಸೂರಿನ ರೈಲು ಸಂಗ್ರಹಾಲಯಕ್ಕೂ, ನ್ಯಾರೋಗೇಜ್‌ಗೆಂದೇ ಇರುವ ನಾಗಪುರದ ಸಂಗ್ರಹಾಲಯಕ್ಕೂ ಪತ್ರ ಬರೆಯಿರಿ.

ಮರುಮಾತು: ಊರ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಮೂರು ಭಾನುವಾರಗಳ ವರದಿ ಒಪ್ಪಿಸುತ್ತಿದ್ದೇನೆ.

ಚಿಮಣಿಗೆ ಮುಚ್ಚಳ ಬಿದ್ದಿದೆ. ಅಡುಗೆ ಕಂಟ್ರಾಕ್ಟರರು ಕೊಟ್ಟ ಹಳೆಯ ಕೊಪ್ಪರಿಗೆಯೇ ಅಳತೆಗೆ ಸರಿಹೋಯಿತು. ಸ್ಮೋಕ್‌ಬಾಕ್ಸಿನಿಂದ ಹದಿನಾಲ್ಕು ಬುಟ್ಟಿ ಬೂದಿ ಹೊರಬಂತು, ಜೊತೆಗೆ ಗೊರವಂಕದ ಗೂಡೊಂದು. ತಳ ಎಡಗಡೆ ಜರಡಿಯಾಗಿದೆ, ಬಲಗಡೆ ಗಟ್ಟಿಯಿದೆ. ಪ್ಲಗ್ಗುಗಳಲ್ಲಿ ಮೂರು ಕಳುವಾಗಿದ್ದವು, ಒಂದನ್ನು ಐದು ದಿನ ಎಣ್ಣೆ ಬಿಟ್ಟು ಬಿಚ್ಚಿದೆವು. ಫೈರ್‌ಬಾಕ್ಸಿಗೆ ಅಯಸ್ಕಾಂತ ಅಂಟಿತು, ಆದ್ದರಿಂದ ರಾತ್ರಿ ಕಾವಲಿನ ಖರ್ಚು ಉಳಿಯಿತು. ಹೊರತಗಡಿನ ಅಂಚಿನಲ್ಲಿ ಬಿಳಿಯ ನಾರು ಇಣುಕುತ್ತಿದೆ. ಅತ್ತ ಯಾರೂ ಸುಳಿಯದಂತೆ ಹಗ್ಗ ಕಟ್ಟಿದ್ದೇವೆ. ರಾಜ್ಯೋತ್ಸವದ ಪಕ್ಷದವರು ಜರಡಿಯಾದ ತಳವನ್ನು ಕಣ್ಣಾರೆ ಕಂಡ ಮೇಲೆ ಚಪ್ಪರಕ್ಕೆ ಒಪ್ಪಿ, ಬಣ್ಣಕ್ಕೆಂದು ಎತ್ತಿದ ಚಂದಾವನ್ನು ತಗಡಿಗೆ ತಿರುಗಿಸಿದ್ದಾರೆ. ಹಬೆಯ ಪಕ್ಷದವರು ಕಂಪ್ರೆಸರ್ ವಿಚಾರಿಸುತ್ತಿದ್ದಾರೆ.

ಟಾರ್ಚನ್ನು ಓರೆಯಾಗಿ ಹಿಡಿಯುವ ಉಪಾಯ ಫಲಿಸಿತು. ಬಲಗಡೆಯ ಸೈಡ್ ರಾಡಿನ ಮೇಲೆ ನಾಲ್ಕು ಅಂಕಿಗಳು ಸ್ಪಷ್ಟವಾಗಿವೆ. ತೊಡಕೆಂದರೆ ಎಡಗಡೆಯ ರಾಡಿನ ಮೇಲಿರುವುದು ಬೇರೆಯೇ ನಾಲ್ಕು ಅಂಕಿಗಳು. ಎರಡು ಸಲ ಒರೆಸಿ, ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ತೆಗೆದಿದ್ದೇವೆ, ಓದಿದ್ದರಲ್ಲಿ ತಪ್ಪಿಲ್ಲ. ಇದರ ಅರ್ಥವೇನು?

ಉತ್ತರ 6: ಬಾಯ್ಲರ್ ಶಾಪ್

ಒಂದೇ ಮಾದರಿಯ ಎರಡು ಎಂಜಿನ್ನುಗಳು ನಿಮ್ಮ ಕಾರ್ಖಾನೆಯಲ್ಲಿ ಇದ್ದಿರಬಹುದು ಮೇಷ್ಟ್ರೇ. ಒಂದು ಕೆಟ್ಟಾಗ ಅದರ ರಾಡನ್ನು ಬಿಚ್ಚಿ ಇದಕ್ಕೆ ಹಾಕಿರುತ್ತಾರೆ. ನಾವೂ ಹಾಗೆಯೇ ಮಾಡುತ್ತಿದ್ದೆವು. ವಾಲ್ವ್ ಗೇರಿನ ಕೊಂಡಿಗಳನ್ನೂ ಎಕ್ಸೆಲ್ಲಿನ ತುದಿಗಳನ್ನೂ ಒರೆಸಿ, ಯಾವ ಅಂಕಿ ಹೆಚ್ಚು ಕಡೆ ಬರುತ್ತದೆಂದು ಎಣಿಸಿ ನೋಡಿ. ಕಡಿಮೆ ಬಂದ ಅಂಕಿಯನ್ನೂ ಬರೆದಿಡಿ. ಆ ಇನ್ನೊಂದು ಎಂಜಿನ್ನಿನಲ್ಲಿ ಉಳಿದಿರುವುದು ಬಹುಶಃ ಆ ಒಂದು ರಾಡು ಮಾತ್ರ.